ಮೇಲ್ಮಣ್ಣಿನ ಮೇಸ್ತ್ರಿ

ಗಣಿಗೆ ರಸ್ತೆ ಕಡಿದ ಮೇಲೆ ಬೋಳಾದ ಇಳಿಜಾರಿನಲ್ಲಿ ಮತ್ತೆ ಹುಲ್ಲು, ಗಿಡ ನೆಡುತ್ತಿದ್ದ ನಮ್ಮ ಗುಂಪಿಗೆ ಒಬ್ಬ ಮೇಸ್ತ್ರಿಯಿದ್ದ. ರಸ್ತೆ ಕಡಿಯುವಾಗ ಕೆರೆದಿಟ್ಟ ಮೇಲ್ಮಣ್ಣಿನ ಗುಡ್ಡೆಯನ್ನು ಹಸಿ ಬಾಣಂತಿಯನ್ನು ಕಾದಂತೆ ಕಾಯುತ್ತಿದ್ದ. ಬಿಸಿಲೇರಿದರೆ ಗೋಣಿಚೀಲ ಹೊದಿಸುವನು, ಬೂಟು ಹಾಕಿದವರನ್ನು ಹತ್ತಗೊಡನು. ಎಲ್ಲೋ ಗುಂಡಿ ಮುಚ್ಚಲೆಂದು ಆ ಮಣ್ಣನ್ನೇ ತುಂಬಿಕೊಂಡು ಹೋಗಲು ಲಾರಿ ಬಂದರೆ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುವನು. "ಮಣ್ಣೆಲ್ಲಾ ಒಂದೇ ಅಲ್ವೇನಯ್ಯಾ?" ಎಂದ ಗಣಿಯ ಸಾಹೇಬರಿಗೆ, "ಹಾಲೂ ಸುಣ್ಣದ ನೀರೂ ಒಂದೇನಾ ಸ್ವಾಮಿ? ಕುಡಿದು ನೋಡಿ" ಎಂದಿದ್ದ. ಕೆಲಸದಿಂದ ತೆಗೆಯುತ್ತೇನೆಂದರೂ ಜಗ್ಗಲಿಲ್ಲ. "ಯಾಕೋ ತಮ್ಮಾ ಇಷ್ಟು ಹಟ?" ಎಂದು ಒಂದು ದಿನ ನಾನೇ ಕೇಳಿದೆ. ಗುಡ್ಡೆಯಲ್ಲಿ ಸಿಕ್ಕಿದ ತುಕ್ಕು ಹಿಡಿದ ಕುಡುಗೋಲೊಂದನ್ನು ಸೊಂಟದಿಂದ ತೆಗೆದು ತೋರಿಸಿದ. "ನಮ್ಮಮ್ಮಂದು. ಹೊಲ ರಸ್ತೆಗೆ ಹೋಯ್ತಕ್ಕಾ, ಮಣ್ಣು ಹೋಗೋಕೆ ಬಿಡಲ್ಲ." ಅಷ್ಟರಲ್ಲಿ ಲಾರಿಯ ಹಾರನ್ ಕೇಳಿಸಿತು, ಬೀಡಿ ತಡಕುತ್ತಾ ಚಕ್ರದ ಕಡೆಗೆ ನಡೆದ.