ಗಾಡಿಯಕ್ಕನ ನಕ್ಷೆಯಲ್ಲೊಂದು ಮನೆ

ಈಗಷ್ಟೇ ಬೆಳಕು ಹರಿಯುತ್ತಿದೆ. ಡಿಪೋದ ತಗಡಿನ ಸೂರಿನಡಿ ಗಾಡಿಯಕ್ಕ ತನ್ನ ಮೂರು ಚಕ್ರದ ಬ್ಯಾಟರಿ ಗಾಡಿಗೆ ಪಾರ್ಸೆಲ್‌ಗಳನ್ನು ಪೇರಿಸುತ್ತಿದ್ದಾಳೆ. ಕೊನೆಯ ಮನೆಯದು ತಳಕ್ಕೆ, ಮೊದಲ ಮನೆಯದು ಮೇಲಕ್ಕೆ. ಯಾವ ಮನೆ ಮೊದಲು ಎಂದು ಹೇಳುವುದು ಹ್ಯಾಂಡಲಿಗೆ ಕಟ್ಟಿದ ಫೋನು. ಸೊಂಟ ನೋಯುತ್ತಿದ್ದರೂ ಕೂರುವುದಿಲ್ಲ. "ಕೂತರೆ ಏಳೋಕೆ ಮನಸ್ಸೇ ಬರಲ್ಲ" ಎನ್ನುತ್ತಾಳೆ.

ಮುಂಚೆ ಈ ಬಡಾವಣೆಗೆ ಒಂದೊಂದು ಕಂಪನಿಯಿಂದಲೂ ಒಬ್ಬೊಬ್ಬ ಸವಾರ. ಒಂದೇ ಬೀದಿಗೆ ಒಬ್ಬರ ಹಿಂದೊಬ್ಬರು ಹೊಗೆ ಉಗುಳುತ್ತ ನುಗ್ಗುತ್ತಿದ್ದರು. ಅವರಲ್ಲೊಬ್ಬ ಆಕೆಯ ಅಣ್ಣ. ಗಂಡ ಬಿಟ್ಟುಹೋದಾಗ ತಂಗಿಗೆ ಗಾಡಿ ಕಲಿಸಿ ಕೆಲಸಕ್ಕೆ ಸೇರಿಸಿದವನೂ ಅವನೇ. ಆಮೇಲೆ ಎಲ್ಲ ಕಂಪನಿಗಳ ಪಾರ್ಸೆಲ್ಲೂ ಒಂದೇ ಡಿಪೋಗೆ ಬರತೊಡಗಿತು. ಹತ್ತಿರದ ದಾರಿಯನ್ನು ಕಂಪ್ಯೂಟರೇ ಗೆರೆ ಎಳೆದು ತೋರಿಸಿತು. ಹೊಗೆ ಕಡಿಮೆಯಾಯಿತು, ಸವಾರರೂ ಕಡಿಮೆಯಾದರು. ಉಳಿದವರಲ್ಲಿ ತಂಗಿ ಇದ್ದಳು, ಅಣ್ಣ ಇರಲಿಲ್ಲ.

"ನೀನಾದ್ರೂ ಉಳಿದ್ಯಲ್ಲ ಅಂತ ನಕ್ಕ. ಆ ನಗು ನೋಡೋಕಾಗಲಿಲ್ಲ ನನಗೆ."

ಅಣ್ಣ ಊರಾಚೆಯ ಗೋದಾಮಿನಲ್ಲಿ ಲಾರಿ ಇಳಿಸುವ ಕೆಲಸ ಹಿಡಿದ. ಒಂದು ದಿನ ಪೆಟ್ಟಿಗೆಗಳ ಸಾಲು ಬೆನ್ನ ಮೇಲೆಯೇ ಕುಸಿಯಿತು. ಈಗ ಸೊಂಟದ ಕೆಳಗೆ ಸ್ವಾಧೀನವಿಲ್ಲ. ತಂಗಿಯ ಒಂದೇ ಕೋಣೆಯ ಮನೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲಿದ್ದಾನೆ. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬದಲಿಸಲು ಆಕೆಯ ಹೊರತು ಯಾರೂ ಇಲ್ಲ.

ಹಾಗಾಗಿ ಮಧ್ಯಾಹ್ನ ದಾರಿ ಬಿಟ್ಟು ಮನೆಗೆ ಓಡತೊಡಗಿದಳು. ಫೋನು ಕೆಂಪಗಾಗಿ ಕಿರುಚುತ್ತಿತ್ತು. ಇನ್ನೊಮ್ಮೆ ದಾರಿ ಬಿಟ್ಟರೆ ಕೆಲಸವಿಲ್ಲ ಎಂಬ ಎಚ್ಚರಿಕೆಯೂ ಬಂತು. ಹೆದರಿ ಕೆಲವು ದಿನ ಮಧ್ಯಾಹ್ನ ಮನೆಗೆ ಹೋಗಲಿಲ್ಲ. ಅಣ್ಣ "ನಂಗೇನಾಗಿದೆ, ಹೋಗೇ" ಎನ್ನುತ್ತಲೇ ಇದ್ದ. ಒಂದು ಸಂಜೆ ಅಂಗಿ ಬಿಚ್ಚಿದರೆ ಬಟ್ಟೆಯ ಜೊತೆ ಚರ್ಮವೂ ಕಿತ್ತುಬಂತು.

ಮರುದಿನ ಮೇಲ್ವಿಚಾರಕನ ಮೇಜಿನ ಮುಂದೆ ನಿಂತಳು. "ಎಲ್ಲರ ಮನೇನೂ ನಿಮ್ಮ ನಕ್ಷೇಲಿದೆ. ನನ್ನದೊಂದನ್ನೂ ಹಾಕಿ ಸಾರ್. ಆ ಹೊತ್ತನ್ನ ನನ್ನ ಊಟದ ಬಿಡುವಲ್ಲಿ ಕಳೀರಿ, ಬೇಡ ಅನ್ನಲ್ಲ." ಅವನು ತಲೆ ಕೆರೆದುಕೊಂಡ, ಹಿಂದೆಮುಂದೆ ನೋಡಿದ, ಕೊನೆಗೆ ಹಾಕಿದ. "ಮೇಲಿನವರು ಕೇಳಿದ್ರೆ ತೆಗೀಬೇಕಾಗುತ್ತಮ್ಮ" ಎಂದ. ಇದುವರೆಗೂ ಯಾರೂ ಕೇಳಿಲ್ಲ.

ಹುಣ್ಣು ವಾಸಿಯಾಗಿಲ್ಲ. ಅಣ್ಣ ಮತ್ತೆ ನಡೆಯುವ ಮಾತನ್ನು ವೈದ್ಯರು ಆಡುವುದೇ ಇಲ್ಲ.

ಮಧ್ಯಾಹ್ನ ಫೋನೇ "ಎಡಕ್ಕೆ ತಿರುಗಿ" ಎನ್ನುತ್ತದೆ. ಆಕೆ ತನ್ನ ಮನೆ ಮುಂದೆ ಗಾಡಿ ನಿಲ್ಲಿಸಿ, ಕೈ ತೊಳೆದು, ಅಣ್ಣನ ಬೆನ್ನ ಕೆಳಗೆ ತೋಳು ತೂರಿಸುತ್ತಾಳೆ. ಅವನು ಹಲ್ಲು ಕಚ್ಚುತ್ತಾನೆ. ಇನ್ನೇನಾದರೂ ಆಸೆ ಇದೆಯಾ ಎಂದು ಯಾರಾದರೂ ಆಕೆಯನ್ನು ಕೇಳಿದರೆ, ದಿಂಬು ಸರಿಮಾಡುತ್ತಲೇ ಹೇಳುತ್ತಾಳೆ:

"ಈ ಮನೇನ ಯಾರೂ ಅಳಿಸದಿದ್ರೆ ಸಾಕು."