ಗಾಜಿನ ಮನೆಯ ದೃಷ್ಟಿಗೊಂಬೆ

ಕಟ್ಟಡಗಳಿಗೆ ಗಾಜು ಕೂರಿಸುವುದು ನನ್ನ ಕಸುಬು. ಎನ್.ಆರ್. ಕಾಲೋನಿಯಲ್ಲಿ ಹಳೇ ಮನೆ ಕೆಡವಿ ಮೂರಂತಸ್ತು ಎಬ್ಬಿಸಿದ ಯಜಮಾನರೊಬ್ಬರು ನನ್ನನ್ನು ಕರೆಸಿದರು. "ಮುಂದ್ಗಡೆ ಗೋಡೆನೇ ಬೇಡ, ಪೂರ್ತಿ ಗಾಜು. ಜನ ನಮ್ಮನೆ ನೋಡ್ಬೇಕು, ನಮ್ಮನ್ನ ನೋಡ್ಬಾರ್ದು."

"ಕನ್ನಡಿ ಥರದ ಗಾಜು ಹಾಕೋಣ ಸಾರ್. ಆದ್ರೆ ಹಗಲು ಮಾತ್ರ ಮರೆ. ಸಂಜೆ ಲೈಟ್ ಹಾಕಿದ್ರೆ ಒಳಗಿನದೆಲ್ಲ ರಸ್ತೆಗೆ ಕಾಣುತ್ತೆ. ಪರದೆ ಬೇಕು."

"ಇಷ್ಟೆಲ್ಲ ಖರ್ಚು ಮಾಡಿ ಪರದೆ ಎಳ್ಕೊಂಡು ಕೂರ್ಬೇಕೇನ್ರೀ?"

ಸರಿ, ಹೇಳಿದಂತೆ ಹಾಕಿಕೊಟ್ಟೆ. ತಿಂಗಳೂ ಆಗಿರಲಿಲ್ಲ, ಫೋನು ಬಂತು. "ಏನ್ರೀ ನಿಮ್ಮ ಗಾಜು? ಸಂಜೆ ಆದ್ರೆ ಬೀದಿಯವರೆಲ್ಲ ನಿಂತು ಇಲ್ಲೇ ನೋಡ್ತಾರೆ. ಮನೆಗೆ ದೃಷ್ಟಿ ಆಗಿ ಎಲ್ಲರಿಗೂ ನೆಗಡಿ. ಬನ್ನಿ ಒಂದ್ಸಲ."

ದೀಪ ಹಚ್ಚುವ ಹೊತ್ತಿಗೆ ಹೋದೆ. ಹೂವು ಕೊಂಡು ಬರುತ್ತಿದ್ದ ಹೆಂಗಸರಿಬ್ಬರು ರಸ್ತೆಯಲ್ಲೇ ನಿಂತು, ಮೇಲೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಗಾಜಿನೊಳಗೆ ಝಗಮಗ ಬೆಳಕಲ್ಲಿ ಯಜಮಾನರು ಪಟ್ಟಾಪಟ್ಟಿ ಚಡ್ಡಿ, ಬನಿಯನ್ನಿನಲ್ಲಿ ಸೋಫಾ ಮೇಲೆ ಕೂತು ಹೊಟ್ಟೆ ಕೆರೆದುಕೊಳ್ಳುತ್ತಿದ್ದರು. ಅವರ ಪಕ್ಕದಲ್ಲೇ, ನಾಲಿಗೆ ಚಾಚಿಕೊಂಡ ದೊಡ್ಡ ದೃಷ್ಟಿಗೊಂಬೆ.

ಮೇಲೆ ಹೋಗಿ ಕೇಳಿದೆ: "ಗೊಂಬೆ ಹೊರಗೆ ಕಟ್ಟಬೇಕಲ್ವಾ ಸಾರ್?"

"ಹೊರಗೆ ಕಟ್ಟಿದ್ರೆ ಮನೆ ಲುಕ್ಕೇ ಹಾಳು ಕಣ್ರೀ. ಅದಿರ್ಲಿ, ಒಳಗಿದ್ರೆ ರಸ್ತೆಗೆ ಕಾಣುತ್ತೋ ಇಲ್ವೋ?"

"ಹಗಲು ಕಾಣಲ್ಲ ಸಾರ್. ಸಂಜೆ ಚೆನ್ನಾಗಿ ಕಾಣುತ್ತೆ, ಎರಡೂ."

"ಎರಡೆಲ್ಲಿ? ನಾನು ಕಟ್ಟಿರೋದು ಒಂದೇ ತಾನೇ?" ಎಂದು ಅವರು ಎದ್ದು ಹುಡುಕತೊಡಗಿದರು. ಪರದೆ ಹೊಲಿಯುವವರ ನಂಬರ್ ಕೊಟ್ಟು ಕೆಳಗಿಳಿದೆ.