ಜೋಡಿನಾಕಿಗೆ ನಾನು ಬರೆದ ಶರಾ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಹೆಂಗಸರಿಗೆ ಒಂದು ಆಟ ಕಲಿಸುತ್ತ ತಿರುಗಿದೆ. ಆಟಕ್ಕೆ ಬೇಕಾದದ್ದು ಒಂದು ಜಮಖಾನೆ, ಮೂವರು ಹೆಂಗಸರು ಮತ್ತು ಒಂದು ನಿಜವಾದ ತಕರಾರು. ಒಬ್ಬಳು ಸಾಹೇಬನಾಗಬೇಕು. ಇನ್ನೊಬ್ಬಳು ಆ ಸಾಹೇಬನ ಮುಂದೆ ನಿಂತು ಊರಿನ ಹೆಂಗಸರ ಪರವಾಗಿ ಮಾತಾಡಬೇಕು, ಆಕೆ ಮುಂದಾಳು. ಮೂರನೆಯವಳು ಮುಂದಾಳಿನ ಪಕ್ಕದಲ್ಲಿ ನಿಲ್ಲಬೇಕು. ಹೆಣ್ಣುಮಗಳು ಒಬ್ಬಳೇ ಕಚೇರಿಯ ಮೆಟ್ಟಿಲು ಹತ್ತುವುದು ಆಗ ಆ ಸೀಮೆಯಲ್ಲಿ ಇಲ್ಲದ ಮಾತು. ಜೊತೆಗೊಬ್ಬಳು ಬೇಕೇ ಬೇಕಿತ್ತು. ಈ ಮೂರನೆಯದಕ್ಕೆ ನಾನು ‘ಸಹಾಯಕ ಪಾತ್ರ’ ಎಂದು ಹೆಸರಿಟ್ಟೆ. ಹೆಂಗಸರು ‘ಜೋಡಿನಾಕಿ’ ಎಂದರು. ಅವರ ಹೆಸರೇ ನಿಂತಿತು.

ಆಟವನ್ನು ನಾನು ತಂದದ್ದು ನಾನು ಕಲಿತ ವಸತಿ ಶಾಲೆಯಿಂದ. ಅಲ್ಲಿ ಬೆತ್ತವಿರಲಿಲ್ಲ, ಗಂಡುಹುಡುಗರೂ ಪಾತ್ರೆ ತಿಕ್ಕುತ್ತಿದ್ದರು, ಯಾವ ಆಟವೂ ಆಡಿ ಮುಗಿದೊಡನೆ ಮುಗಿಯುತ್ತಿರಲಿಲ್ಲ. ಪ್ರತಿ ಪಾತ್ರಕ್ಕೂ ಹಾಳೆಯ ಒಂದು ಬದಿಗೆ ಬಲ, ಇನ್ನೊಂದು ಬದಿಗೆ ಕೊರತೆ ಬರೆದು ಎಲ್ಲರೆದುರು ಓದಬೇಕಿತ್ತು. ಅದೇ ಕ್ರಮವನ್ನು ನಾನು ಹಳ್ಳಿಗಳಲ್ಲಿಯೂ ಪಾಲಿಸಿದೆ. ಝಳಕಿಯಲ್ಲಿ ರಸ್ತೆ ಬದಿಗೆ ಚಹಾದಂಗಡಿ ಇಟ್ಟಿದ್ದ ಒಬ್ಬಾಕೆ ಸಾಹೇಬನ ಪಾತ್ರವನ್ನು ಎಷ್ಟು ಗತ್ತಿನಿಂದ ಮಾಡಿದಳೆಂದರೆ ಮುಂದಾಳು ಅರ್ಜಿ ಮರೆತು ಆಕೆಗೆ ಕೈಮುಗಿದುಬಿಟ್ಟಳು. ಸಾಹೇಬನ ಪಾತ್ರಕ್ಕೆ ಎಲ್ಲ ಊರಲ್ಲೂ ಜಗಳವೇ ಆಗುತ್ತಿತ್ತು. ಜೋಡಿನಾಕಿಯ ಪಾತ್ರವನ್ನು ಮಾತ್ರ ಯಾರೂ ಕೇಳಿ ಪಡೆಯಲಿಲ್ಲ. ಉಳಿದವಳಿಗೆ ಉಳಿದ ಪಾತ್ರ.

ಕನ್ನೊಳ್ಳಿಯ ಕಡೆಯ ಒಂದು ಊರಿನಲ್ಲಿ ನಮ್ಮ ತಕರಾರು ಇದಾಗಿತ್ತು. ಊರ ಹೊರಗೆ ಹಾಳುಬಿದ್ದ ಹುಡೇವು, ಎಂದರೆ ಹಿಂದಿನ ಕಾಲದ ಕಾವಲು ಗೋಪುರ. ಅದರ ಹಿಂದೆ ಜಾಲಿ, ಕಳ್ಳಿ ಬೆಳೆದು ಮರೆಯಾದ ಒಂದು ತುಂಡು ನೆಲ. ಊರಿನ ಹೆಂಗಸರು ಬಯಲಕಡೆಗೆ ಹೋಗುತ್ತಿದ್ದದ್ದು ಅಲ್ಲಿಗೆ. ಆ ನೆಲದಲ್ಲಿ ಗೊಬ್ಬರದ ಗೋದಾಮು ಕಟ್ಟಬೇಕೆಂದು ಪಂಚಾಯಿತಿಯ ಗಂಡಸರು ಠರಾವು ಮಾಡಿದ್ದರು. ಅದೂ ಹೋದರೆ ಹೆಂಗಸರಿಗೆ ಉಳಿಯುವುದು ಅರ್ಧ ಮೈಲಿ ಆಚೆಗಿನ ಹಳ್ಳ. ಗಂಡಸರು ದನ ಮೈತೊಳೆಯುವ, ಒಂದು ಪೊದೆಯೂ ಇಲ್ಲದ ಹಳ್ಳ. ಹೆಂಗಸರ ನೆಲವನ್ನು ಹೆಂಗಸರನ್ನು ಕೇಳದೆ ಕೊಟ್ಟದ್ದು ಅನ್ಯಾಯ. ಬೆಳಕಿನಲ್ಲಿ ಹೋಗಲಾರದೆ ಹೆಂಗಸರು ದಿನವಿಡೀ ನೀರು ಕುಡಿಯದೆ ಇರುತ್ತಿದ್ದದ್ದು ಅದಕ್ಕೂ ಹಳೆಯ ಅನ್ಯಾಯ. ದೊಡ್ಡ ವಾಡೆಗಳಲ್ಲಿ ಹಿತ್ತಲೊಳಗೇ ವ್ಯವಸ್ಥೆ ಇತ್ತು. ಅಲ್ಲಿಯ ಮಲವನ್ನು ತಲೆಯ ಮೇಲೆ ಹೊತ್ತು ಚೆಲ್ಲುವ ಕೆಲಸವನ್ನು ಒಂದು ಜಾತಿಗೆ ಕಟ್ಟಿದ್ದರು. ಅದು ಎಲ್ಲಕ್ಕಿಂತ ದೊಡ್ಡ ಅನ್ಯಾಯ.

ಠರಾವಿನ ಮೇಲೆ ತಕರಾರು ಕೇಳಲು ತಾಲೂಕಿನಿಂದ ಒಬ್ಬ ಅಧಿಕಾರಿ ಚಾವಡಿಗೆ ಬರುವವನಿದ್ದ. ಅಷ್ಟರಲ್ಲಿ ನಮ್ಮ ಆಟ ಹದಕ್ಕೆ ಬರಬೇಕಿತ್ತು. ಮುಂದಾಳಾಗಿ ನಾನು ಆರಿಸಿದ್ದು ಗೌಡರ ಸೊಸೆಯನ್ನು. ಆಕೆ ಮೆಟ್ರಿಕ್ ಓದಿದ್ದಳು, ಮಾತು ಸ್ಪಷ್ಟ, ನಿಲುವು ನೇರ. ಜೋಡಿನಾಕಿಯಾಗಿ ಬಂದವಳು ಪಿಂಜಾರ ಓಣಿಯ ಒಬ್ಬ ಮುಸ್ಲಿಂ ಗೃಹಿಣಿ. ಗಂಡ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಈಕೆ ಕೌದಿ ಹೊಲಿಯುತ್ತಿದ್ದಳು. ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಆ ಮುದುಕಿಯ ಕೈ ಹಿಡಿದು ದಿನಕ್ಕೆರಡು ಸಲ ಹುಡೇವಿನ ಹಿಂದೆ ಕರೆದೊಯ್ದು ತರುತ್ತಿದ್ದವಳು ಈಕೆಯೇ. ಹಳ್ಳದವರೆಗೆ ಆ ಮುದುಕಿ ನಡೆಯುವುದು ಸಾಧ್ಯವೇ ಇರಲಿಲ್ಲ.

ತಾಲೀಮಿನ ದಿನ ಸಾಹೇಬನಾದಾಕೆ ಗಂಡನ ರುಮಾಲು ಸುತ್ತಿ, ನನ್ನ ಕನ್ನಡಕ ಹಾಕಿ, ಕಾಲಮೇಲೆ ಕಾಲು ಹಾಕಿದಳು.

“ಲಗೂ ಹೇಳ್ರಿ, ನನಗ ಊಟಕ್ಕ ಹೊತ್ತಾಗೇತಿ,” ಎಂದಳು.

“ಇನ್ನೂ ಹತ್ತ ಹೊಡದಿಲ್ಲ, ಈಗೇನ ಊಟಾರೀ ಸಾಹೇಬ್ರ?” ಎಂದು ಹಿಂದಿನಿಂದ ಯಾರೋ ಕೂಗಿದರು.

“ಸಾಹೇಬ್ರಿಗೆ ಯಾವಾಗ್ಲೂ ಊಟದ ಹೊತ್ತ ಬೇ, ಸುಮ್ಕ ಕುಂಡ್ರ!” ಎಂದಳು ಇನ್ನೊಬ್ಬಳು.

ನಗು ಇಳಿದ ಮೇಲೆ ಗೌಡರ ಸೊಸೆ ಚೆನ್ನಾಗಿಯೇ ಆರಂಭಿಸಿದಳು. ನಡುವೆ ತಡವರಿಸಿದಾಗಲೆಲ್ಲ ಜೋಡಿನಾಕಿ ಆಕೆಯ ಕೊನೆಯ ಮಾತನ್ನು ಮೆಲ್ಲಗೆ ಇನ್ನೊಮ್ಮೆ ಹೇಳುತ್ತಿದ್ದಳು. ಮುಂದಾಳು “ಹಳ್ಳ ದೂರ ಐತ್ರಿ” ಎಂದು ನಿಂತರೆ, ಈಕೆ “ದೂರ ಐತ್ರಿ” ಎನ್ನುತ್ತಿದ್ದಳು. ಅಷ್ಟರಲ್ಲಿ ಗೌಡರ ಸೊಸೆಗೆ ಮುಂದಿನ ಮಾತು ಸಿಗುತ್ತಿತ್ತು.

ನಾನು ಶರಾ ಬರೆದೆ. ಬಲ: ಸಮಯಕ್ಕೆ ಬರುತ್ತಾಳೆ, ಹೆದರುವುದಿಲ್ಲ, ಮುಂದಾಳಿನ ಮುಖ ನೋಡುತ್ತಿರುತ್ತಾಳೆ. ಕೊರತೆ: ತಾನಾಗಿ ಏನನ್ನೂ ಆರಂಭಿಸುವುದಿಲ್ಲ, ಸ್ವಂತ ಮಾತಿಲ್ಲ, ಹೇಳಿದ್ದನ್ನೇ ಹೇಳುತ್ತಾಳೆ. ನಿಯಮದಂತೆ ಎಲ್ಲರೆದುರು ಓದಿದೆ. ಆಕೆ ಕೇಳಿಸಿಕೊಂಡು, ಸೂಜಿಯನ್ನು ಕೌದಿಯ ಅಂಚಿಗೆ ಚುಚ್ಚಿ ನನ್ನನ್ನು ನೋಡಿದಳು.

“ಅಕ್ಕಾರ, ನೀವು ಎಂದರ ಜ್ವಾಳ ಬೀಸೀರೇನ್ರಿ?”

“ಇಲ್ಲ.”

“ಅದಕ್ಕ.”

ಹೆಂಗಸರೆಲ್ಲ ನಕ್ಕರು. ನಾನು ಕಸ ಗುಡಿಸಿದ್ದೆ, ರೊಟ್ಟಿ ಬಡಿದಿದ್ದೆ. ಆದರೆ ನಮ್ಮ ಶಾಲೆಗೆ ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಗೌಡರ ಸೊಸೆಯೇ ನನಗೆ ಬಿಡಿಸಿ ಹೇಳಿದಳು. ಬೀಸುವ ಕಲ್ಲಿಗೆ ಇಬ್ಬರು ಎದುರುಬದುರು ಕೂಡುತ್ತಾರೆ. ಒಬ್ಬಳು ಹಾಡಿನ ಪದ ಎತ್ತುತ್ತಾಳೆ. ಆಕೆಯ ಉಸಿರು ಮುಗಿದಲ್ಲಿ ಎದುರಿನವಳು ಕೊನೆಯ ಮಾತನ್ನು ಹಿಡಿದುಕೊಳ್ಳುತ್ತಾಳೆ. ಮೊದಲಿನವಳಿಗೆ ಉಸಿರು ಬಂದರೆ ಒಪ್ಪಿಸುತ್ತಾಳೆ, ಬರದಿದ್ದರೆ ತಾನೇ ಪದವನ್ನು ಮುಂದಕ್ಕೆ ಒಯ್ಯುತ್ತಾಳೆ. ಕಲ್ಲು ಮಾತ್ರ ನಿಲ್ಲಬಾರದು. ನಾನು ಕೊರತೆಯೆಂದು ಬರೆದದ್ದು ಒಂದು ಕಸುಬಾಗಿತ್ತು. ಹಾಗಿದ್ದೂ ಶರಾವನ್ನು ಆ ದಿನ ತಿದ್ದಲಿಲ್ಲ. ನನಗೆ ನನ್ನ ಶಾಲೆಯ ಮೇಲೆ ಅಷ್ಟು ಭರವಸೆ.

ಅಧಿಕಾರಿ ಬಂದ ದಿನ ನಾವು ಹದಿನೈದು ಇಪ್ಪತ್ತು ಮಂದಿ ಚಾವಡಿಗೆ ಹೋದೆವು. ಆ ಊರಿನ ಹೆಂಗಸರು ಚಾವಡಿಯ ಮುಂದೆ ಹಾಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಮುಂದೆಳೆದು ನಡೆಯುತ್ತಿದ್ದರು; ಕಟ್ಟೆ ಹತ್ತಿದ ಹೆಂಗಸು ಅಂದಿನವರೆಗೆ ಒಬ್ಬಳೂ ಇರಲಿಲ್ಲ. ಇಬ್ಬರು ಹತ್ತಿದರು. ಅಧಿಕಾರಿ ಹೊರಗಿನ ಊರಿನ ತರುಣ. ಅವನ ಬದಿಗೆ ಜಮೀನಿನ ಕಾಗದಪತ್ರ ಇಡುವ ತಲಾಠಿ, ಆ ಕಡೆಗೆ ಪಂಚರು. ಪಂಚರ ಮೊದಲ ಸಾಲಿನಲ್ಲಿ ಗೌಡರು. ಮುಂದಾಳಿನ ಸ್ವಂತ ಮಾವ.

“ಸಾಹೇಬ್ರ, ಹುಡೇದ ಹಿಂದಿನ ಜಾಗಾ ಗೋದಾಮಿಗೆ ಕೊಡಬ್ಯಾಡ್ರಿ,” ಎಂದು ಗೌಡರ ಸೊಸೆ ಆರಂಭಿಸಿದಳು. “ಆ ಜಾಗಾ ನಮ್ಮ ಹೆಂಗಸರಿಗೆ...”

ಮಾವ ಕೆಮ್ಮಿದರು. ಅಷ್ಟೇ. ಆಕೆಯ ಸೆರಗು ಹಣೆಗೆ ಇಳಿಯಿತು, ಮಾತು ನಿಂತುಹೋಯಿತು. ಮುಂದಿನ ಮಾತು ಮಾವನೆದುರು ಆಡುವಂಥದ್ದಾಗಿರಲಿಲ್ಲ. ಮತ್ತೆ, ನಿಜ ಹೇಳಬೇಕೆಂದರೆ, ಆ ನೆಲ ಆಕೆಗೆ ಬೇಕೂ ಇರಲಿಲ್ಲ. ಆಕೆಯ ವಾಡೆಯೊಳಗೆ ಎಲ್ಲ ಇತ್ತು. ಕಷ್ಟ ಇದ್ದವಳನ್ನು ಬದಿಗೆ ನಿಲ್ಲಿಸಿ, ಓದು ಮತ್ತು ಮನೆತನ ಇದ್ದವಳನ್ನು ಮುಂದೆ ನಿಲ್ಲಿಸಿದವಳು ನಾನು. ಆ ಊರಿನ ಅನ್ಯಾಯಗಳ ಸಾಲಿನಲ್ಲಿ ಇದನ್ನೂ ಸೇರಿಸಬೇಕು.

“ಆ ಜಾಗಾ ನಮ್ಮ ಹೆಂಗಸರಿಗೆ,” ಎಂದಳು ಜೋಡಿನಾಕಿ, ಎಂದಿನಂತೆ ಮೆಲ್ಲಗೆ. ಒಂದು ಗಳಿಗೆ ಮುಂದಾಳಿನ ಮುಖ ನೋಡಿದಳು. ಅಲ್ಲಿ ಉಸಿರಿರಲಿಲ್ಲ. “ಬಯಲಕಡಿ ಹೋಗಾಕ ಬೇಕ್ರಿ ಸಾಹೇಬ್ರ. ಅದ ಒಂದ ಜಾಗಾ ಇರೂದು ನಮಗ.”

ಪಂಚರಲ್ಲೊಬ್ಬ ಎದ್ದು ನಿಂತ. “ಇದು ಚಾವಡ್ಯಾಗ ಆಡೂ ಮಾತೇನ ಬೇ? ನಾಚಿಕಿ ಇಲ್ಲೇನ ನಿಮಗ?”

“ನಾಚಿಕಿ ಐತಿ ಅಂತನ ಯಣ್ಣಾ, ಮರೆ ಇರೂ ಜಾಗಾ ಕೇಳಾಕತ್ತೇವಿ. ಇರದಿದ್ರ ನಿಮ್ಮ ಚಾವಡಿ ಮುಂದನ ಕುಂಡ್ರತಿದ್ದಿವಿ.”

ಕಟ್ಟೆಯ ಕೆಳಗಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಧಿಕಾರಿ ಕಾಗದದ ಮೇಲೆ ತಲೆ ಬಗ್ಗಿಸಿದ. ಎತ್ತಿದಾಗ ಮುಖ ಗಂಭೀರವಾಗಿತ್ತು. ಜಾಗವನ್ನು ಕಣ್ಣಾರೆ ನೋಡುತ್ತೇನೆ ಎಂದ.

ಎಲ್ಲರೂ ಹುಡೇವಿನವರೆಗೆ ನಡೆದರು. ಅಲ್ಲಿ ಜೋಡಿನಾಕಿ ದಾರಿಗೆ ಅಡ್ಡ ನಿಂತಳು. “ಇಲ್ಲಿಂದ ಮುಂದ ಗಂಡಸರು ಹೋಗಂಗಿಲ್ರಿ. ನಮ್ಮೂರಾಗ ಯಾರೂ ಹೋಗಿಲ್ಲ.”

ಅಧಿಕಾರಿ ಪಂಚರ ಕಡೆಗೆ ತಿರುಗಿದ. “ಹಂಗಾದ್ರ ಈ ಅಳತಿ ಯಾರ ಮಾಡೀರಿ?”

ತಲಾಠಿ ತನ್ನ ಕಾಗದವನ್ನು ಮಡಚಿದ. ಆ ಊರಿನ ಗಂಡಸರು ಒಳ್ಳೆಯ ರೂಢಿಯೊಂದನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದರು: ಹೆಂಗಸರ ಬಯಲಿನಲ್ಲಿ ಕಾಲಿಡಬಾರದು. ಅದೇ ಗಂಡಸರು, ಎಂದೂ ಕಾಲಿಡದ ಆ ನೆಲವನ್ನು ದೂರದಿಂದ ಕಣ್ಣಳತೆಯಲ್ಲಿ ಅಳೆದು, ಸಮತಟ್ಟಾದ ಬಯಲೆಂದು ಬರೆದು, ಠರಾವಿಗೆ ಸಹಿ ಹಾಕಿದ್ದರು.

ಅಧಿಕಾರಿ ತಲಾಠಿಯ ಅಳತೆ ಪಟ್ಟಿಯನ್ನು ತೆಗೆದುಕೊಂಡು ಜೋಡಿನಾಕಿಗೆ ಕೊಟ್ಟ. ಗಂಡಸರೆಲ್ಲ, ಅಧಿಕಾರಿಯೂ ಸೇರಿ, ಊರ ಕಡೆಗೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ನಿಂತರು. ಪಟ್ಟಿಯ ಒಂದು ತುದಿ ಆಕೆ ಹಿಡಿದಳು, ಇನ್ನೊಂದು ತುದಿ ಗೌಡರ ಸೊಸೆ ಹಿಡಿದಳು. ಅಂಕಿ ಓದಿ ಕೂಗಿದವಳು ನಾನು. ಕಾಗದದಲ್ಲಿ ನೂರು ಫೂಟು ಇದ್ದ ಕಡೆ ನೆಲದ ಮೇಲೆ ನಲವತ್ತೂ ಇರಲಿಲ್ಲ. ಉಳಿದದ್ದು ಹಿಂದಿನ ಕಾಲದಲ್ಲಿ ಹುಡೇವು ಕಟ್ಟುವಾಗ ಮಣ್ಣು ತೆಗೆದು ಬಿಟ್ಟಿದ್ದ ಆಳದ ಕುಣಿ. ಅದರ ಸುತ್ತಲೇ ಜಾಲಿ ಬೆಳೆದಿತ್ತು. ಅಲ್ಲಿ ಗೋದಾಮು ನಿಲ್ಲುವಂತಿರಲಿಲ್ಲ. ಆ ಕುಣಿ ಊರಿನ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಅಧಿಕಾರಿ ಅಲ್ಲಿಯೇ ನಿಂತು ಠರಾವನ್ನು ತಳ್ಳಿಹಾಕಿ, ಗೋದಾಮಿಗೆ ಬೇರೆ ಜಾಗ ನೋಡಿರೆಂದು ಬರೆಸಿದ. ಪಂಚನಾಮೆಗೆ ಹೇಳಿಕೆ ಕೊಟ್ಟವರ ಹೆಸರು ಬೇಕಾದಾಗ ತಲಾಠಿ ರೂಢಿಯಂತೆ ಗೌಡರ ಸೊಸೆಯ ಹೆಸರಿನಿಂದ ತೊಡಗಿದ. “ನಂದಲ್ರಿ, ಮೊದಲ ಅಕೀದು ಬರೀರಿ,” ಎಂದಳು ಆಕೆ, ಮಾವ ಕೇಳುವಷ್ಟು ಗಟ್ಟಿಯಾಗಿ. ಆ ಮಾತಿಗೂ ಆ ದಿನ ನನ್ನ ಎದೆ ಉಬ್ಬಿತು. ಆಮೇಲೆ ನಾನು ದೊಡ್ಡ ದೊಡ್ಡ ಸಭೆಗಳಲ್ಲಿ ಕೂತಿದ್ದೇನೆ, ಚಪ್ಪಾಳೆ ಬಿದ್ದ ಭಾಷಣಗಳನ್ನು ಕೇಳಿದ್ದೇನೆ. ಪಿಂಜಾರ ಓಣಿಯ ಆ ಹೆಣ್ಣುಮಗಳು ಮೆಲ್ಲಗೆ ಹೇಳಿದ ಎರಡು ವಾಕ್ಯಗಳ ಪಕ್ಕದಲ್ಲಿ ನಾನು ನಿಂತಿದ್ದೆನೆಂಬ ಹೆಮ್ಮೆಯಷ್ಟು ದೊಡ್ಡ ಹೆಮ್ಮೆ ಅವುಗಳಲ್ಲಿ ಯಾವುದರಿಂದಲೂ ಬಂದಿಲ್ಲ.

ಆದರೂ ಹೇಳಬೇಕು: ನಾವು ಗೆದ್ದದ್ದು ಬಯಲಿನಲ್ಲಿ ಕೂಡುವ ಹಕ್ಕನ್ನು. ಮನುಷ್ಯರು ಇಂಥದ್ದನ್ನು ಗೆಲ್ಲಬೇಕಾಗಿ ಬಂದದ್ದೇ ನಾಚಿಕೆಗೇಡು. ಇದನ್ನು ನನಗಿಂತ ಮೊದಲು ಹೇಳಿದವಳೂ ಆಕೆಯೇ. ಮರುದಿನ ಜಮಖಾನೆ ಹಾಸುವಷ್ಟರಲ್ಲಿ ಬಂದು ಕೂತಳು.

“ಅಕ್ಕಾರ, ಜಾಗಾ ಉಳೀತು. ಇನ್ನ ಸುತ್ತ ಗ್ವಾಡಿ ಬೇಕು, ಒಳಗ ನೀರ ಬೇಕು. ಅದನ್ನ ಯಾವಾಗ ಕೇಳೂಣು?”

“ಈ ಸಲ ಮುಂದಾಳು ನೀವೇ,” ಎಂದೆ ನಾನು.

“ನಾನ. ನೀವು ಹೇಳೂದೇನೈತಿ?” ಎಂದಳು. ಆಮೇಲೆ ಗೌಡರ ಸೊಸೆಯ ಕಡೆಗೆ ತಿರುಗಿದಳು. “ನನ್ನ ಜೋಡಿ ನೀ ಬರ್ತಿಯೇನ ಬೇ ಗೌಡ್ತಿ?”

ಗೌಡರ ಸೊಸೆ ತಕ್ಷಣ ಒಪ್ಪಲಿಲ್ಲ. ನನ್ನ ಕಡೆಗೆ ತಿರುಗಿದಳು. “ಮುಂದ ನಿಂತು ಮಾತಾಡಾಕ ಸಾಲ್ಯಾಗ ಕಲಸಿದ್ರು. ಜೋಡಿನಾಕಿ ಕೆಲಸ ನನಗ ಬರ್ತೈತೊ ಇಲ್ಲೊ, ಮೊದಲ ಆಡಿಸಿ ನೋಡ್ರಿ ಅಕ್ಕಾರ.”